ಮಂಗನ ಕಾಯಿಲೆಯ ಲಸಿಕೆಯೂ ಶ್ರಾವಕನ ಸತ್ಯಾಣುವ್ರತವೂ

ಸತ್ಯಾಣುವ್ರತದ ಪ್ರಸ್ತಾಪ ಬಂದಾಗ ನಮ್ಮ ಮನಸ್ಸಿಗೆ ಮೊದಲು ತೋರುವುದು ಅಂಗಡಿಯ ತಕ್ಕಡಿ, ಸಾಲದ ಪತ್ರ, ನ್ಯಾಯಾಲಯದ ಸಾಕ್ಷಿ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಎಲ್ಲಕ್ಕೂ ಮೊದಲು ಇಟ್ಟಿರುವುದು ಮಿಥ್ಯೋಪದೇಶವನ್ನು. ಇನ್ನೊಬ್ಬರ ಹಿತಾಹಿತಕ್ಕೆ ಸಂಬಂಧಿಸಿದ ವಿಷಯದಲ್ಲಿ ಅವರನ್ನು ತಪ್ಪುದಾರಿಗೆ ಎಳೆಯುವ ಉಪದೇಶ ಮಾಡುವುದೇ ಮಿಥ್ಯೋಪದೇಶ. ರೋಗ ಮತ್ತು ಔಷಧಿಗಳ ಬಗ್ಗೆ ಸಾರ್ವಜನಿಕರಿಗೆ ಹೇಳುವ ಮಾತು ಈ ಅತಿಚಾರದ ಎಲ್ಲೆಗೆ ಬಹು ಸಮೀಪದಲ್ಲಿ ನಡೆಯುತ್ತದೆ. ಹೇಳುವವನ ಉದ್ದೇಶ ಒಳ್ಳೆಯದಾಗಿರುತ್ತದೆ. ಕೇಳುವವನು ಅದನ್ನು ನಂಬಿ ತನ್ನ ದೇಹವನ್ನೇ ಒಪ್ಪಿಸುತ್ತಾನೆ. ಅಂಥ ಮಾತಿನಲ್ಲಿ ಒಂದಂಶವನ್ನು ಬಿಟ್ಟು ಹೇಳಿದರೆ ಏನಾಗುತ್ತದೆ ಎಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯವರಾದ ನಾವು ಮಂಗನ ಕಾಯಿಲೆಯ ನಿಮಿತ್ತವಾಗಿ ಹಲವು ವರ್ಷಗಳಿಂದ ಕಾಣುತ್ತ ಬಂದಿದ್ದೇವೆ. ನಮ್ಮ ಬಸದಿಗಳ ಟ್ರಸ್ಟುಗಳು ಆರೋಗ್ಯ ಶಿಬಿರಗಳಿಗೆ ಸ್ಥಳ ಕೊಡುವ, ಕರಪತ್ರ ಹಂಚುವ, ಪ್ರವಚನದ ಕೊನೆಯಲ್ಲಿ ಪ್ರಕಟಣೆ ಓದುವ ಕೆಲಸಗಳನ್ನು ಮಾಡುತ್ತಿರುವುದರಿಂದ ಈ ವಿಷಯವನ್ನು ಧರ್ಮದ ದೃಷ್ಟಿಯಿಂದ ವಿಚಾರಿಸುವುದು ಉಚಿತವೆಂದು ಭಾವಿಸಿದ್ದೇನೆ.

ನೆರೆಯ ಅಡವಿಯಿಂದ ಬಂದ ರೋಗ

ಶಿರಸಿ ಮತ್ತು ಸಿದ್ದಾಪುರಗಳ ಗಡಿಗೆ ಹೊಂದಿಕೊಂಡ ಸೊರಬ ತಾಲೂಕಿನಲ್ಲಿ ಕ್ಯಾಸನೂರು ಎಂಬ ಅಡವಿಯಿದೆ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ತೀವ್ರವಾದ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿ, ಇದು ಅದುವರೆಗೆ ಜಗತ್ತಿಗೆ ತಿಳಿಯದಿದ್ದ ವೈರಸ್ಸಿನಿಂದ ಉಂಟಾದ ರೋಗವೆಂದು ಗುರುತಿಸಿದರು. ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಅದಕ್ಕೆ ಕ್ಯಾಸನೂರು ಅರಣ್ಯ ರೋಗ ಎಂಬ ಹೆಸರು ನಿಂತಿತು. ನಮ್ಮ ಕಡೆಯ ಜನ ಮಂಗನ ಕಾಯಿಲೆ ಎಂದರು.

ರೋಗವನ್ನು ಹರಡುವುದು ಕಾಡಿನ ಉಣುಗು. ಅದರಲ್ಲಿಯೂ ಡಿಸೆಂಬರಿನಿಂದ ಮೇ ತಿಂಗಳವರೆಗೆ ಒಣಗಿದ ಎಲೆಗಳ ನಡುವೆ ಇರುವ, ಕಣ್ಣಿಗೆ ಸುಲಭವಾಗಿ ಬೀಳದ ಮರಿ ಉಣುಗುಗಳಿಂದಲೇ ಅಪಾಯ ಹೆಚ್ಚು. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ತಲೆನೋವು, ಮೈಕೈ ನೋವು, ವಾಂತಿ, ಕೆಲವರಲ್ಲಿ ರಕ್ತಸ್ರಾವ ಕಾಣಿಸಿಕೊಳ್ಳುತ್ತವೆ. ಒಮ್ಮೆ ಇಳಿದ ಜ್ವರ ಮತ್ತೆ ಮರಳಿ ಬಂದು ಮೆದುಳಿಗೆ ತೊಂದರೆ ಕೊಡುವುದೂ ಉಂಟು. ವೈರಸ್ಸನ್ನೇ ಕೊಲ್ಲುವ ಔಷಧಿ ಈ ರೋಗಕ್ಕಿಲ್ಲ. ಲಕ್ಷಣಗಳನ್ನು ನೋಡಿಕೊಂಡು ಉಪಚರಿಸಬೇಕು. ರೋಗ ತಗಲಿದ ನೂರು ಮಂದಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಮಂದಿ ಸಾಯುತ್ತಾರೆ. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡು ಸೀಮೆಯಲ್ಲಿ ಸಂಭವಿಸಿದ ಸಾವುಗಳನ್ನು ಮಲೆನಾಡಿನವರು ಮರೆತಿಲ್ಲ. 2024ರ ಬೇಸಿಗೆಯಲ್ಲಿ ನಮ್ಮ ಸಿದ್ದಾಪುರ ತಾಲೂಕಿನ ಮನೆಗಳಲ್ಲಿಯೇ ಸಾವಿನ ದುಃಖ ಕಾಣಬೇಕಾಯಿತು.

ಈ ಆರು ತಿಂಗಳುಗಳು ನಮ್ಮ ಸೀಮೆಯಲ್ಲಿ ದುಡಿಮೆಯ ಕಾಲವೂ ಹೌದು. ಅಡಿಕೆಯ ಕೊಯ್ಲು ನಡೆಯುತ್ತದೆ, ಸೊಪ್ಪಿನ ಬೆಟ್ಟದಿಂದ ಒಣಗಿದ ಎಲೆಗಳನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ, ಸೌದೆ ತರುತ್ತಾರೆ. ತೋಟದ ಒಡೆಯರು ನಮ್ಮಲ್ಲಿ ಅನೇಕರು. ಎಲೆಯ ರಾಶಿಗೆ ಕೈ ಹಾಕುವವರು ಹೆಚ್ಚಾಗಿ ಕೂಲಿಯ ಹೆಂಗಸರು. ಈ ಸಂಗತಿ ಮುಂದಿನ ವಿಚಾರಕ್ಕೆ ಅಗತ್ಯವಾದುದರಿಂದ ಇಲ್ಲಿಯೇ ಹೇಳಿದ್ದೇನೆ.

ಲಸಿಕೆಯ ಬಗ್ಗೆ ಹೇಳಿದ್ದು, ಹೇಳದೆ ಬಿಟ್ಟದ್ದು

1950ರ ದಶಕದ ಕೊನೆಯಲ್ಲಿಯೇ, ಇದಕ್ಕೆ ಹತ್ತಿರದ ಸಂಬಂಧವುಳ್ಳ ರಷ್ಯಾದ ಒಂದು ಮೆದುಳುಜ್ವರದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿ ನೋಡಲಾಯಿತು, ಫಲ ದೊರೆಯಲಿಲ್ಲ. ಅನಂತರ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು. 1990ರಿಂದ 1992ರವರೆಗೆ ಕರ್ನಾಟಕದ ರೋಗಪೀಡಿತ ಗ್ರಾಮಗಳಲ್ಲಿ ಅದರ ಪರೀಕ್ಷೆ ನಡೆದಾಗ ಒಂದು ಚುಚ್ಚುಮದ್ದಿನಿಂದ ಶೇಕಡಾ 79.3ರಷ್ಟು, ಎರಡರಿಂದ ಶೇಕಡಾ 93.5ರಷ್ಟು ರಕ್ಷಣೆ ದೊರೆಯುತ್ತದೆಂಬ ಫಲಿತಾಂಶ ಪ್ರಕಟವಾಯಿತು. ಮುಂದೆ 2005ರಿಂದ 2010ರವರೆಗಿನ ಅಂಕಿಗಳನ್ನು ಆಧರಿಸಿದ ಅಧ್ಯಯನವೊಂದು 2013ರಲ್ಲಿ ಬಂದಿತು. ಅದರ ಪ್ರಕಾರ ಎರಡು ಚುಚ್ಚುಮದ್ದುಗಳಿಂದ ದೊರೆತ ರಕ್ಷಣೆ ಶೇಕಡಾ 62.4 ಮಾತ್ರ, ಬೂಸ್ಟರನ್ನೂ ಪಡೆದವರಿಗೆ ಶೇಕಡಾ 82.9. ಒಂದನ್ನೇ ಪಡೆದು ನಿಲ್ಲಿಸಿದವರಿಗೆ ಭರವಸೆಯಿಡುವಂಥ ರಕ್ಷಣೆ ಕಂಡುಬರಲಿಲ್ಲ.

ಲಸಿಕೆಯ ಕ್ರಮವೂ ಸುಲಭವಾದುದಾಗಿರಲಿಲ್ಲ. ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಕೆಲವು ವರ್ಷ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗ ಊದಿಕೊಂಡು ನೋಯುತ್ತಿತ್ತು. ಇಷ್ಟನ್ನೂ ಮೊದಲೇ ತಿಳಿಸಿ ಒಪ್ಪಿಸುವುದು ಕಷ್ಟದ ಕೆಲಸವೆಂಬುದನ್ನು ಅಲ್ಲಗಳೆಯಲಾರೆ.

ನಾನು ಶಿಕ್ಷಕನಾಗಿದ್ದ ಕಾಲದಲ್ಲಿ ಜೀಪಿನ ಧ್ವನಿವರ್ಧಕದಿಂದ ಕೇಳಿಬಂದ ಪ್ರಕಟಣೆಗಳಲ್ಲಿ ಹೆಚ್ಚಿನವು ಎರಡೇ ವಾಕ್ಯಗಳಲ್ಲಿ ಮುಗಿಯುತ್ತಿದ್ದವು. ಮಂಗನ ಕಾಯಿಲೆ ಮಾರಕವಾದುದು. ಎಲ್ಲರೂ ತಪ್ಪದೆ ಲಸಿಕೆ ಹಾಕಿಸಿಕೊಳ್ಳಿರಿ. ಎರಡೂ ನಿಜವಾದ ಮಾತುಗಳೇ. ಸಿದ್ದಾಪುರ ತಾಲೂಕಿನ ಒಂದು ಕೇರಿಯಲ್ಲಿ ಕೂಲಿಯ ಹೆಂಗಸೊಬ್ಬಳು ಹೇಳಿದ್ದು ಇಂದಿಗೂ ನೆನಪಿದೆ: “ಮಾಸ್ತರ್ರೇ, ನಾನು ಒಂದು ಸಲ ಹಾಕಿಸ್ಕಂಡೆ. ಮೂರು ದಿನ ಕೈ ಎತ್ತಲಿಕ್ಕೆ ಆಗಲಿಲ್ಲ, ಕೂಲಿ ಹೋಯ್ತು. ಮತ್ತೆರಡು ಸಲ ಹಾಕಿಸ್ಕಳ್ಳಬೇಕು ಅಂತ ಯಾರೂ ಹೇಳಿರಲಿಲ್ಲ. ಮುಂದಿನ ಬೇಸಿಗೆಗೆ ನಮ್ಮ ಮೈದುನನಿಗೆ ಜ್ವರ ಬಂತು. ಅವನೂ ಒಂದು ಸಲ ಹಾಕಿಸ್ಕಂಡವನೇ. ಆಮೇಲೆ ನಮ್ಮ ಕೇರಿಯಲ್ಲಿ ಯಾರೂ ಕೈ ಒಡ್ಡಲಿಲ್ಲ.”

ಆ ತಾಯಿಯ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಅವಳು ಕಂಡದ್ದನ್ನು ಆಧರಿಸಿಯೇ ತೀರ್ಮಾನಕ್ಕೆ ಬಂದಿದ್ದಾಳೆ. ಒಂದು ಚುಚ್ಚುಮದ್ದು ಸಾಲದು ಎಂಬುದು ಅವಳಿಗೆ ಮೊದಲೇ ತಿಳಿದಿದ್ದರೆ, ಮೈದುನನ ಜ್ವರವನ್ನು ಅವಳು ಅಪೂರ್ಣವಾದ ಲಸಿಕೆಯ ಫಲವೆಂದು ತಿಳಿದುಕೊಳ್ಳುತ್ತಿದ್ದಳು. ಕೈ ನೋಯುತ್ತದೆಂದು ತಿಳಿದಿದ್ದರೆ, ಕೊಯ್ಲಿನ ಗಡಿಬಿಡಿಗೆ ಮೊದಲೇ ಹಾಕಿಸಿಕೊಳ್ಳುವ ಯೋಚನೆ ಮಾಡುತ್ತಿದ್ದಳು. ಎಲ್ಲವನ್ನೂ ಪೂರ್ಣವಾಗಿ ಪಡೆದವರಲ್ಲಿಯೂ ಕೆಲವರಿಗೆ ರೋಗ ಬರಬಹುದು ಎಂದು ಹೇಳಿದ್ದರೆ, ಉಣುಗಿನಿಂದ ಪಾರಾಗುವ ಎಣ್ಣೆಯನ್ನು ಬಿಡದೆ ಹಚ್ಚಿಕೊಳ್ಳುತ್ತಿದ್ದಳು. ಈ ಮೂರನ್ನೂ ಹೇಳದಿದ್ದುದರಿಂದ ಒಂದು ಮನೆಯ ಅನುಭವ ಇಡೀ ಕೇರಿಯ ನಿರಾಕರಣೆಯಾಯಿತು.

ಜನರಿಗೆ ಎಲ್ಲವನ್ನೂ ಹೇಳಿದರೆ ಹೆದರಿ ಹಿಂಜರಿಯುತ್ತಾರೆ, ಆದ್ದರಿಂದ ಒಳ್ಳೆಯದನ್ನಷ್ಟೇ ಹೇಳಬೇಕು ಎಂಬ ವಾದವೊಂದಿದೆ. ಸದ್ಭಾವನೆಯಿಂದ ಹುಟ್ಟಿದ ವಾದವಾದರೂ ಇದರಲ್ಲಿ ಎರಡು ದೋಷಗಳಿವೆ. ಮೊದಲನೆಯದಾಗಿ, ಹೇಳದೆ ಬಿಟ್ಟ ವಿಷಯ ಮರೆಯಾಗಿ ಉಳಿಯುವುದಿಲ್ಲ. ಚುಚ್ಚಿಸಿಕೊಂಡ ರಾತ್ರಿಯೇ ನೋವಿನ ರೂಪದಲ್ಲಿ ತಿಳಿಯುತ್ತದೆ. ಆಗ ಹೇಳಿದವನ ಉಳಿದ ಮಾತುಗಳೂ ಸಂಶಯಕ್ಕೆ ಗುರಿಯಾಗುತ್ತವೆ. ಎರಡನೆಯದಾಗಿ, ಕೇಳುವವನನ್ನು ವಿವೇಕವಿಲ್ಲದವನೆಂದು ಭಾವಿಸುವ ಸೂಕ್ಷ್ಮವಾದ ಮಾನಕಷಾಯ ಅದರಲ್ಲಿ ಅಡಗಿದೆ. ಭಾಷಾ ಸಮಿತಿಯ ವಿವರಣೆಯಲ್ಲಿ ಮಾತು ಹಿತವೂ ಮಿತವೂ ಸಂದೇಹಕ್ಕೆ ಎಡೆಯಿಲ್ಲದ್ದೂ ಆಗಿರಬೇಕೆಂದು ನಮ್ಮ ಆಚಾರ್ಯರು ಹೇಳುತ್ತಾರೆ. ಮಿತವೆಂದರೆ ಅನಗತ್ಯವಾದುದನ್ನು ಬಿಡುವುದು. ಅಗತ್ಯವಾದುದನ್ನು ಮುಚ್ಚಿಡುವುದಕ್ಕೆ ಆ ಪದದಲ್ಲಿ ಅನುಮತಿಯಿಲ್ಲ.

ಕೊನೆಗೆ 2022ರಲ್ಲಿ, ಲಸಿಕೆ ನಿರೀಕ್ಷಿಸಿದಷ್ಟು ರಕ್ಷಣೆ ಕೊಡುತ್ತಿಲ್ಲವೆಂಬ ಕಾರಣದಿಂದ ಅದರ ಬಳಕೆಯನ್ನೇ ನಿಲ್ಲಿಸಲಾಯಿತು. ನಿಲ್ಲಿಸಿದುದು ಸರಿಯಾದ ಕ್ರಮ. ಆದರೆ ನಿಲ್ಲಿಸಿದುದಕ್ಕೆ ಕಾರಣವೇನೆಂಬುದು ಕಾಡಂಚಿನ ಮನೆಗಳಿಗೆ ಸ್ಪಷ್ಟವಾಗಿ ತಲುಪಲಿಲ್ಲ. ಲಸಿಕೆ ಮುಗಿದಿದೆ ಎಂದು ಕೆಲವರು ತಿಳಿದರು. ರೋಗವೇ ಹೋಯಿತೆಂದು ಇನ್ನು ಕೆಲವರು ತಿಳಿದರು. ಇಷ್ಟು ವರ್ಷ ಕೊಟ್ಟದ್ದು ನೀರೇ ಆಗಿತ್ತೆಂದು ಹೇಳುವವರೂ ಹುಟ್ಟಿಕೊಂಡರು. ಲಸಿಕೆಯ ಗುಣ ಕುಂದಿದೆ, ಪರೀಕ್ಷಿಸಿ ನಿಲ್ಲಿಸಿದ್ದೇವೆ, ಉತ್ತಮವಾದುದು ಬರುವ ತನಕ ಈ ಎಚ್ಚರಿಕೆ ವಹಿಸಿರಿ ಎಂದು ಮನೆಮನೆಗೆ ಹೇಳಿದ್ದರೆ ಅದೇ ನಿರ್ಧಾರ ಜನರ ವಿಶ್ವಾಸವನ್ನು ಹೆಚ್ಚಿಸುತ್ತಿತ್ತು.

ನಮ್ಮ ಮನೆಯೊಳಗಿನ ಪ್ರಶ್ನೆ

ಇದುವರೆಗೆ ಹೇಳಿದ್ದು ಎಲ್ಲ ಜನರಿಗೂ ಸಂಬಂಧಿಸಿದ್ದು. ಜೈನ ಕುಟುಂಬಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ನಾನು ಸದಸ್ಯನಾಗಿರುವ ಬಸದಿಯ ಟ್ರಸ್ಟಿನ ಸಭೆಯೊಂದರಲ್ಲಿ ವ್ರತನಿಷ್ಠರಾದ ಹಿರಿಯ ಶ್ರಾವಿಕೆಯೊಬ್ಬರು ಅದನ್ನು ನೇರವಾಗಿ ಕೇಳಿದರು: “ರಾತ್ರಿ ಊಟ ಬಿಟ್ಟಿದ್ದೇವೆ, ಗೆಡ್ಡೆ ಬಿಟ್ಟಿದ್ದೇವೆ. ಕೋಳಿಮರಿಯಾಗಬೇಕಾಗಿದ್ದ ಜೀವದಿಂದ ಮಾಡಿದ ಮದ್ದನ್ನು ಮೈಯೊಳಗೆ ಸೇರಿಸಿಕೊಳ್ಳಿ ಎಂದು ಬಸದಿಯ ಜಗಲಿಯಲ್ಲಿ ನಿಂತು ಹೇಗೆ ಹೇಳುತ್ತೀರಿ?”

ಸಭೆಯಲ್ಲಿದ್ದ ಯುವಕರೊಬ್ಬರು, ಅಂಥ ವಿವರಗಳನ್ನು ಹೇಳದಿದ್ದರೆ ಆಯಿತು, ಕೇಳುವವರು ಯಾರು ಎಂದರು. ನಾನು ಅದನ್ನು ಒಪ್ಪಲಿಲ್ಲ. ಶ್ರಾವಿಕೆಯ ಪ್ರಶ್ನೆ ಘನವಾದ ಪ್ರಶ್ನೆ. ಗಾಂಧೀಜಿಯವರೂ ಸಿಡುಬಿನ ಲಸಿಕೆಯನ್ನು ಒಪ್ಪಿರಲಿಲ್ಲ. ಕರುವಿನ ಮೈಯಿಂದ ಪಡೆದ ದ್ರವ್ಯವೆಂಬುದು ಅವರ ಆಕ್ಷೇಪಗಳಲ್ಲಿ ಒಂದಾಗಿತ್ತು. ಅದೇ ಲಸಿಕೆಯ ಬಲದಿಂದ 1975ರಲ್ಲಿ ಭಾರತದಿಂದಲೂ 1980ರ ಹೊತ್ತಿಗೆ ಜಗತ್ತಿನಿಂದಲೂ ಸಿಡುಬು ಇಲ್ಲವಾಯಿತೆಂಬುದೂ ಅಷ್ಟೇ ದೊಡ್ಡ ಸತ್ಯ. ಎರಡು ಸತ್ಯಗಳನ್ನೂ ಎದುರಿಗಿಟ್ಟುಕೊಂಡು ವಿಚಾರಿಸುವುದೇ ಅನೇಕಾಂತ ದೃಷ್ಟಿ.

ಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು, ಅಂದರೆ ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವ ಹಿಂಸೆಯನ್ನು. ಉಳಿದ ಮೂರರಲ್ಲಿ ಅವನು ಯತ್ನಾಚಾರದಿಂದ ನಡೆದು ಆದಷ್ಟು ಕಡಿಮೆ ಮಾಡಬೇಕು. ಪ್ರಾಣರಕ್ಷಣೆಗಾಗಿ, ಬೇರೆ ದಾರಿಯಿಲ್ಲದಾಗ, ತಾನು ಕೊಲ್ಲದೆ ಕೊಲ್ಲಿಸದೆ ಔಷಧಿಯನ್ನು ಸ್ವೀಕರಿಸುವ ಶ್ರಾವಕನು ಸಂಕಲ್ಪೀ ಹಿಂಸೆಗೆ ಗುರಿಯಾಗುವುದಿಲ್ಲವೆಂದು ನನ್ನ ತಿಳಿವಳಿಕೆ. ಆದರೆ ಅದರಲ್ಲಿ ಹಿಂಸೆಯೇ ಇಲ್ಲವೆಂದು ಹೇಳಲಾಗದು. ಇದೆಯೆಂದು ಒಪ್ಪಿ, ಅದರ ಭಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ವೀಕರಿಸುವವನಿಗೂ, ತಿಳಿಯದೆ ಸ್ವೀಕರಿಸುವವನಿಗೂ ಪರಿಣಾಮಗಳಲ್ಲಿ ವ್ಯತ್ಯಾಸವಿದೆ. ತಿಳಿಸದೆ ಸ್ವೀಕರಿಸುವಂತೆ ಮಾಡಿದರೆ ನಾವು ಅವರ ವ್ರತವನ್ನು ಅವರಿಗರಿವಿಲ್ಲದೆ ಮುರಿಸಿದಂತಾಗುತ್ತದೆ. ನನ್ನ ಈ ಮಾತುಗಳು ಗೃಹಸ್ಥರನ್ನು ಕುರಿತವು. ಮಹಾವ್ರತಿಗಳ ಆಚಾರವನ್ನು ನಿರ್ಣಯಿಸುವ ಅಧಿಕಾರ ನನಗಿಲ್ಲ.

ಮುಚ್ಚಿಡದೆ ಹೇಳುವುದರಿಂದ ಜನ ದೂರ ಸರಿಯುತ್ತಾರೆಂಬ ಭಯಕ್ಕೆ 2021ರ ಒಂದು ಪ್ರಸಂಗ ಉತ್ತರ ಕೊಡುತ್ತದೆ. ಆ ವರ್ಷ ಜೂನ್ ತಿಂಗಳಲ್ಲಿ ಕೊವ್ಯಾಕ್ಸಿನ್ ಲಸಿಕೆಯಲ್ಲಿ ಎಳೆಗರುವಿನ ರಕ್ತದ ಅಂಶವಿದೆಯೆಂಬ ಸುದ್ದಿ ದೇಶವಿಡೀ ಹರಡಿತು. ಕೇಂದ್ರ ಆರೋಗ್ಯ ಇಲಾಖೆ ವಿವರಣೆ ಕೊಟ್ಟಿತು. ವೈರಸ್ಸನ್ನು ಬೆಳೆಸುವ ವೆರೋ ಜೀವಕೋಶಗಳನ್ನು ವೃದ್ಧಿಪಡಿಸುವಾಗ ಮಾತ್ರ ಎಳೆಗರುವಿನ ಸೀರಮ್ ಬಳಸುತ್ತಾರೆ. ಆಮೇಲೆ ಆ ಜೀವಕೋಶಗಳನ್ನು ಮತ್ತೆ ಮತ್ತೆ ತೊಳೆಯುತ್ತಾರೆ. ಸಿದ್ಧವಾದ ಲಸಿಕೆಯಲ್ಲಿ ಅದು ಇರುವುದಿಲ್ಲ. ಈ ವಿವರಣೆ ಮೊದಲೇ ಬಂದಿದ್ದರೆ ಅದು ತಿಳಿವಳಿಕೆಯಾಗುತ್ತಿತ್ತು. ಸುದ್ದಿ ಹರಡಿದ ಮೇಲೆ ಬಂದುದರಿಂದ ಅನೇಕರಿಗೆ ಸಮಜಾಯಿಷಿಯಂತೆ ಕೇಳಿಸಿತು. ನಮ್ಮ ಪರಿಚಯದ ಮನೆಗಳಲ್ಲಿ ಆಗ ಹಿಂಜರಿದವರಿಗೆ ಕುಳಿತು ವಿವರಿಸಿದಾಗ ಹೆಚ್ಚಿನವರು ಒಪ್ಪಿ ಹಾಕಿಸಿಕೊಂಡರು, ಇಬ್ಬರು ಒಪ್ಪಲಿಲ್ಲ. ಒಪ್ಪದವರ ಮೇಲೆ ಯಾರೂ ಒತ್ತಾಯ ಹೇರಲಿಲ್ಲ, ಅವರನ್ನು ಹೀಯಾಳಿಸಲೂ ಇಲ್ಲ. ಅವರಲ್ಲೊಬ್ಬರು ಎರಡು ತಿಂಗಳ ಅನಂತರ ತಾವಾಗಿಯೇ ಬಂದು ಶಿಬಿರದ ದಿನಾಂಕ ಕೇಳಿದರು.

ವೆರೋ ಜೀವಕೋಶಗಳ ವಿಷಯ ಬಂದುದರಿಂದ ಒಂದು ಮಾತು. 1962ರಲ್ಲಿ ಜಪಾನಿನಲ್ಲಿ ಆಫ್ರಿಕಾದ ಹಸುರು ಮಂಗವೊಂದರ ಮೂತ್ರಪಿಂಡದಿಂದ ಆ ಜೀವಕೋಶಗಳನ್ನು ಪಡೆದರು. ಅಂದಿನಿಂದ ಪ್ರಯೋಗಶಾಲೆಗಳಲ್ಲಿ ಅವು ವೃದ್ಧಿಯಾಗುತ್ತಲೇ ಇವೆ. ಪ್ರತಿ ಸಲವೂ ಹೊಸದಾಗಿ ಒಂದು ಪ್ರಾಣಿಯನ್ನು ಕೊಲ್ಲಬೇಕಾಗಿಲ್ಲ. ಕೋಳಿಯ ಭ್ರೂಣದಿಂದ ಮಾಡುವ ಲಸಿಕೆಗೆ ಪ್ರತಿ ಸಲವೂ ಹೊಸ ಭ್ರೂಣಗಳು ಬೇಕು. ಅಹಿಂಸೆಯ ದೃಷ್ಟಿಯಿಂದ ಈ ಎರಡು ಮಾರ್ಗಗಳು ಸಮಾನವಲ್ಲ. ಮಂಗನ ಕಾಯಿಲೆಗೆ ಹೊಸ ಲಸಿಕೆಯನ್ನು ರೂಪಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯ ಜೊತೆಗೂಡಿ ಕೈಗೆತ್ತಿಕೊಂಡಿದೆ. ಅದು ಯಾವ ವಿಧಾನದಿಂದ ತಯಾರಾಗುತ್ತದೆ, ಹಿಂಸೆ ಕಡಿಮೆಯಿರುವ ಮಾರ್ಗ ಸಾಧ್ಯವೇ ಎಂದು ನಮ್ಮ ಟ್ರಸ್ಟುಗಳು ವಿನಯದಿಂದ ಬರೆದು ಕೇಳಬಹುದು. ಹಾಗೆ ಕೇಳುವುದು ಲಸಿಕೆಗೆ ವಿರೋಧವಾಗುವುದಿಲ್ಲ. ಕೇಳಿ ಪಡೆದ ಉತ್ತರವನ್ನು ಶ್ರಾವಕರಿಗೆ ಓದಿ ಹೇಳಿದರೆ ಅವರ ಒಪ್ಪಿಗೆ ಇನ್ನಷ್ಟು ದೃಢವಾಗುತ್ತದೆ.

ಯಾರು ಹೇಳಬೇಕು, ಯಾವ ಭಾಷೆಯಲ್ಲಿ

ಮಾತು ಸತ್ಯವಾಗಿದ್ದರಷ್ಟೇ ಸಾಲದು. ಕೇಳುವವನಿಗೆ ಹೇಳುವವನ ಪರಿಚಯವಿರಬೇಕು. ನಮ್ಮ ನಾಡಿನಲ್ಲಿ ಇದಕ್ಕೆ ಹಳೆಯ ನಿದರ್ಶನವಿದೆ. ಭಾರತದಲ್ಲಿ ಸಿಡುಬಿನ ಲಸಿಕೆ ಮೊದಲು ಫಲಿಸಿದ್ದು 1802ರ ಜೂನ್ 14ರಂದು ಮುಂಬಯಿಯ ಒಂದು ಮಗುವಿನಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯವರು ಲಸಿಕೆ ಪಡೆದರು. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿನಲ್ಲಿ ಬರೆದ, ಮೈಸೂರಿನ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುವ ಭಂಗಿ ಲಸಿಕೆ ಪಡೆದುದರ ಸೂಚನೆಯೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಪರಕೀಯ ವೈದ್ಯರ ಮಾತಿಗಿಂತ ತಮ್ಮ ಅರಮನೆಯ ಹೆಣ್ಣುಮಕ್ಕಳ ನಡೆ ಪ್ರಜೆಗಳಿಗೆ ಹತ್ತಿರವಾಗಿತ್ತು.

ಪೋಲಿಯೋ ವಿಷಯದಲ್ಲಿಯೂ ಇದನ್ನೇ ಕಂಡೆವು. 1995ರಲ್ಲಿ ಪಲ್ಸ್ ಪೋಲಿಯೋ ಆರಂಭವಾದಾಗ ಗುಳ್ಳಾಪುರದ ಹಾದಿಯಲ್ಲಾಗಲಿ ಬನವಾಸಿಯ ಹೊಲಗಳಲ್ಲಾಗಲಿ ಮಗುವನ್ನು ಬೂತಿಗೆ ಕರೆತಂದವರು ಅಂಗನವಾಡಿಯ ಪರಿಚಿತ ಮುಖಗಳು. 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡ ಪ್ರಕರಣವೇ ದೇಶದ ಕೊನೆಯದಾಯಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಘೋಷಣೆಯಾಯಿತು. ಮಂಗನ ಕಾಯಿಲೆಯ ವಿಷಯದಲ್ಲಿ ಆ ಸ್ಥಾನ ಇಂದು ಆಶಾ ಕಾರ್ಯಕರ್ತೆಯರದು. ಅವರಿಗೆ ನಮ್ಮ ಊರಿನ ಮನೆಗಳಲ್ಲಿ ಕುಳಿತು ಮಾತಾಡಲು ಹತ್ತು ನಿಮಿಷ ಕೊಡುವುದೂ ಒಂದು ಸತ್ಕಾರ್ಯ.

ಭಾಷೆಯ ಮಾತೂ ಮುಖ್ಯ. ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿ ಸಮುದಾಯದವರು ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಗೌಳಿಗಳು ಮರಾಠಿ ಆಡುತ್ತಾರೆ, ಕುಣಬಿಗಳದೂ ಕೊಂಕಣಿಯೇ. ಸಂಸ್ಕೃತಪದಗಳಿಂದ ತುಂಬಿದ ಕನ್ನಡದ ಕರಪತ್ರ ಅವರ ಕೈ ಸೇರಿದರೂ ಕಿವಿ ಸೇರುವುದಿಲ್ಲ. ಭಗವಾನ್ ಮಹಾವೀರರು ಪಂಡಿತರ ಭಾಷೆಯನ್ನು ಬಿಟ್ಟು ಜನರಾಡುವ ಪ್ರಾಕೃತದಲ್ಲಿ ಉಪದೇಶಿಸಿದರೆಂಬುದನ್ನು ಪ್ರತಿ ಜಯಂತಿಯಲ್ಲಿ ಹೆಮ್ಮೆಯಿಂದ ಹೇಳುವ ನಮಗೆ ಈ ವಿಚಾರ ಹೊಸದಾಗಬಾರದು.

ರೋಗದ ಹೆಸರೂ ಒಂದು ಪ್ರಚಾರವೇ ಎಂಬುದನ್ನು ಗಮನಿಸಬೇಕು. ಮಂಗನ ಕಾಯಿಲೆ ಎಂಬ ಹೆಸರಿನಿಂದ ಮಂಗವೇ ಅಪರಾಧಿಯೆಂಬ ಭಾವನೆ ಬೆಳೆದಿದೆ. ವಸ್ತುತಃ ಕೆಂಪು ಮಂಗ, ಮುಸಿಯಗಳು ನಮಗಿಂತ ಮೊದಲು ಈ ರೋಗಕ್ಕೆ ಬಲಿಯಾಗುವ ಜೀವಿಗಳು. ಅವುಗಳ ಸಾವು ಊರಿಗೆ ಎಚ್ಚರಿಕೆ ಕೊಡುತ್ತದೆ. ಸತ್ತ ಮಂಗವನ್ನು ಮುಟ್ಟದೆ ತಕ್ಷಣ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ ಎಂಬ ಸೂಚನೆಯ ಜೊತೆಗೆ, ಮಂಗವನ್ನು ಕೊಂದರೆ ರೋಗ ನಿಲ್ಲುವುದಿಲ್ಲ ಎಂಬ ವಾಕ್ಯವನ್ನೂ ಸೇರಿಸುವುದು ಜೈನ ಸಂಸ್ಥೆಗಳ ವಿಶೇಷ ಹೊಣೆಯೆಂದು ನಾನು ಭಾವಿಸುತ್ತೇನೆ.

ಗಾಳಿಸುದ್ದಿಯ ಬಗ್ಗೆಯೂ ಒಂದೆರಡು ಮಾತು. ಸಮಂತಭದ್ರ ಆಚಾರ್ಯರು ಅನರ್ಥದಂಡದ ಐದು ಭೇದಗಳಲ್ಲಿ ಪಾಪೋಪದೇಶ, ದುಃಶ್ರುತಿಗಳನ್ನು ಹೇಳಿದ್ದಾರೆ. ಪ್ರಯೋಜನವಿಲ್ಲದೆ ಕೆಟ್ಟದ್ದನ್ನು ಕೇಳುವುದು, ಕೆಟ್ಟ ಸಲಹೆ ಕೊಡುವುದು ಅದರ ಅರ್ಥ. ಲಸಿಕೆಯಿಂದ ಸಂತಾನ ನಿಲ್ಲುತ್ತದೆ, ಎರಡು ವರ್ಷದಲ್ಲಿ ಸಾಯುತ್ತಾರೆ ಎಂಬ ಮಾತುಗಳನ್ನು 2021ರಲ್ಲಿ ಮೊಬೈಲಿನಿಂದ ಮೊಬೈಲಿಗೆ ದಾಟಿಸಿದವರಲ್ಲಿ ಸಾಮಾಯಿಕ ತಪ್ಪದ ಗೃಹಸ್ಥರೂ ಇದ್ದರು. ಪರಿಶೀಲಿಸದೆ ದಾಟಿಸುವ ಬೆರಳೂ ವಚನಯೋಗದ ಆಸ್ರವಕ್ಕೆ ಕಾರಣವಾಗುತ್ತದೆ.

ಟ್ರಸ್ಟುಗಳ ವಿಚಾರಕ್ಕೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನವನ್ನು ನಾವು ಹಣದಿಂದ ಮಾಡುವುದು ರೂಢಿ. ಈ ರೋಗದ ಸಂದರ್ಭದಲ್ಲಿ ಔಷಧದಾನ ಅಭಯದಾನಗಳು ಒಟ್ಟಿಗೆ ನಡೆಯಬೇಕಾಗಿವೆ. ಭಯ ಹುಟ್ಟಿಸಿ ಜನರನ್ನು ಶಿಬಿರಕ್ಕೆ ತರುವುದು ಸುಲಭ. ಭಯವನ್ನು ಹೋಗಲಾಡಿಸಿ ತರುವುದು ನಮ್ಮ ಮಾರ್ಗ.

ಹೊಸ ಲಸಿಕೆ ಬಂದ ದಿನ ನಮ್ಮ ಬಸದಿಗಳ ಸೂಚನಾ ಫಲಕದಲ್ಲಿ ಹೀಗೆ ಬರೆಯಬಹುದೆಂದು ಸಲಹೆ ಮಾಡುತ್ತೇನೆ: ಎಷ್ಟು ಸಲ, ಎಷ್ಟು ದಿನಗಳ ಅಂತರದಲ್ಲಿ ಹಾಕಿಸಿಕೊಳ್ಳಬೇಕು; ಒಂದಕ್ಕೇ ನಿಲ್ಲಿಸಿದರೆ ಏನಾಗುತ್ತದೆ; ಕೈ ನೋವು, ಜ್ವರ ಎಷ್ಟು ದಿನ ಇರಬಹುದು; ನೂರು ಮಂದಿಯಲ್ಲಿ ಎಷ್ಟು ಮಂದಿಗೆ ರಕ್ಷಣೆ ದೊರೆಯುತ್ತದೆ; ಯಾರು ಹಾಕಿಸಿಕೊಳ್ಳಬಾರದು; ಯಾವ ಜೀವಕೋಶದಲ್ಲಿ ತಯಾರಾಗಿದೆ; ತೊಂದರೆಯಾದರೆ ಯಾರನ್ನು ಕಾಣಬೇಕು. ಏಳು ಸಾಲುಗಳಿಗೆ ಒಂದು ಹಲಗೆ ಸಾಕು. ಉತ್ತರ ತಿಳಿಯದ ಸಾಲನ್ನು ಅಳಿಸದೆ, ವೈದ್ಯಾಧಿಕಾರಿಗಳನ್ನು ಕೇಳಿ ತುಂಬುತ್ತೇವೆ ಎಂದು ಬರೆದಿಡಬೇಕು.

ಅಲ್ಲಿಯವರೆಗೆ ಮಾಡುವ ಕೆಲಸವೂ ಇದೆ. ರಕ್ಷಣಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಡೀಪಾ ತೈಲವನ್ನು ಕಾಡಿಗೆ ಹೋಗುವ ಮುನ್ನ ಕೈಕಾಲುಗಳಿಗೆ ಹಚ್ಚಿಕೊಳ್ಳಬೇಕು. ಮೈತುಂಬ ಬಟ್ಟೆ ಧರಿಸಬೇಕು. ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಜ್ವರ ಬಂದರೆ ಎರಡು ದಿನ ನೋಡೋಣವೆನ್ನದೆ ರಕ್ತಪರೀಕ್ಷೆ ಮಾಡಿಸಬೇಕು. ತೋಟದ ಒಡೆಯರಾದ ಶ್ರಾವಕರು ತಮ್ಮ ಕೆಲಸದವರಿಗೆ ತೈಲದ ಬಾಟಲಿಯನ್ನು ಉಪ್ಪು ಬೆಲ್ಲದಷ್ಟೇ ಸಹಜವಾಗಿ ಕೊಡುವಂತಾಗಬೇಕು.

ಇನ್ನೊಂದು ವ್ಯವಸ್ಥೆಯನ್ನು ಮುಂದಾಗಿಯೇ ಮಾಡಿಟ್ಟುಕೊಳ್ಳಬಹುದು. ಲಸಿಕೆ ಹಾಕಿಸಿಕೊಂಡ ಕೂಲಿಯವರಿಗೆ ಆ ದಿನದ ಮತ್ತು ಮರುದಿನದ ಕೂಲಿಯನ್ನು ತೋಟದ ಒಡೆಯ ಕೊಡಬೇಕು. ಸಣ್ಣ ಹಿಡುವಳಿದಾರನಿಗೆ ಅದು ಹೊರೆಯಾದರೆ ಅರ್ಧವನ್ನು ಟ್ರಸ್ಟು ವಹಿಸಬೇಕು. ತತ್ತ್ವಾರ್ಥಸೂತ್ರವು ಪ್ರಮಾದದಿಂದ ಪ್ರಾಣಹಾನಿಯಾಗುವುದನ್ನೇ ಹಿಂಸೆಯೆನ್ನುತ್ತದೆ. ನಮ್ಮ ತೋಟದ ಗೊಬ್ಬರಕ್ಕಾಗಿ ಬೆಟ್ಟದ ಎಲೆ ಗುಡಿಸುವವಳ ಪ್ರಾಣದ ವಿಷಯದಲ್ಲಿ ಅಲಕ್ಷ್ಯವಾಗಿರುವುದು ಪ್ರಮಾದವಲ್ಲದೆ ಬೇರೇನೂ ಅಲ್ಲ. ನಿನ್ನ ಕೈ ಎರಡು ದಿನ ನೋಯುತ್ತದೆ, ಆ ಎರಡು ದಿನದ ಕೂಲಿ ನಿನಗಿದೆ, ಮುಂದಿನ ತಿಂಗಳು ಮತ್ತೊಮ್ಮೆ ಬರಬೇಕು ಎಂದು ಒಡೆಯನೇ ಹೇಳಿದರೆ, ಧ್ವನಿವರ್ಧಕಕ್ಕೆ ಒಪ್ಪದ ಕೇರಿ ಆ ಮಾತಿಗೆ ಒಪ್ಪುವ ಸಂಭವವಿದೆ. ಬರುವ ಮಹಾವೀರ ಜಯಂತಿಗೆ ಮುನ್ನ ನಮ್ಮ ಮೂರು ತಾಲೂಕುಗಳ ಟ್ರಸ್ಟುಗಳು ಒಂದೆಡೆ ಸೇರಿ ಈ ಕೂಲಿಯ ನಿಧಿಯ ವಿಚಾರವನ್ನು ಚರ್ಚಿಸಬೇಕೆಂದು ವಿನಂತಿಸುತ್ತೇನೆ.